ಅಂಗಾಂಶ, ಅಣು, ಬಿಂಬ: ಮೂರು ಶಬ್ದಗಳ ಪರೀಕ್ಷೆ

ಕಲಬುರ್ಗಿಯ ಇಲ್ಲವೆ ಹೈದರಾಬಾದಿನ ದೊಡ್ಡ ದವಾಖಾನೆಯಿಂದ ಯಾದಗಿರಿ, ಶಹಾಪುರ, ಸುರಪುರಗಳಿಗೆ ಮರಳಿ ಬರುವ ರೋಗಿಯ ಕೈಯಲ್ಲಿ ಎರಡು ಕಾಗದಗಳಿರುತ್ತವೆ. ಒಂದು ಔಷಧದ ಚೀಟಿ. ಇನ್ನೊಂದು ಶರೀರದ ತುಣುಕನ್ನು ಪರೀಕ್ಷಿಸಿ ಬರೆದ ವರದಿ. ಚೀಟಿಯನ್ನು ಔಷಧದ ಅಂಗಡಿಯವನು ಓದುವನು. ವರದಿಯನ್ನು ಮನೆಯಲ್ಲಿ ಯಾರೂ ಓದಲಾರರು. ಅದು ಇಂಗ್ಲಿಷಿನಲ್ಲಿರುವದೊಂದೇ ಇದಕ್ಕೆ ಕಾರಣವಲ್ಲ. ಇಂಗ್ಲಿಷು ಬಲ್ಲ ಮಗನೋ ಮೊಮ್ಮಗಳೋ ಅದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಹೊರಟಾಗ, ಪಠ್ಯಪುಸ್ತಕಗಳೂ ವೃತ್ತಪತ್ರಿಕೆಗಳೂ ಕೈಗೆ ಕೊಟ್ಟಿರುವ ಶಬ್ದಗಳು ಅರ್ಥದ ಭಾರವನ್ನು ತಾಳಲಾರದೆ ನಡುದಾರಿಯಲ್ಲಿಯೇ ಕುಸಿಯುತ್ತವೆ. ಅಂಗಾಂಶ, ಅಣು, ಬಿಂಬ ಎಂಬ ಮೂರು ಶಬ್ದಗಳು ಇವುಗಳಲ್ಲಿ ಮುಖ್ಯವಾದವು. ‘ಅಂಗಾಂಶಗಳ ಅಣುಮಟ್ಟದ ಬಿಂಬಗ್ರಹಣ’ ಎಂಬ ವಾಕ್ಯಖಂಡವನ್ನು ಅಭ್ಯಾಸವಿದ್ದವರು ಒಂದೇ ಉಸಿರಿನಲ್ಲಿ ಉಚ್ಚರಿಸಬಲ್ಲರು; ಅದರಿಂದ ಕೇಳಿದವರಿಗೆ ಏನು ತಿಳಿಯಿತೆಂಬುದೇ ಪ್ರಶ್ನೆ.

ಆ ವಿದ್ಯೆಯಾದರೋ ಸಾಮಾನ್ಯವಾದುದಲ್ಲ. ಶರೀರದ ಒಂದು ಚಿಕ್ಕ ತುಣುಕನ್ನು ತೆಗೆದು, ಕೊಳೆಯದಂತೆ ಫಾರ್ಮಲಿನ್ನಿನಲ್ಲಿ ಇಟ್ಟು, ಮೇಣದಲ್ಲಿ ಎರಕ ಹೊಯ್ದು, ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ತೆಳುವಾದ ಪದರಗಳಾಗಿ ಕೊಯ್ದು, ಬಣ್ಣವೂಡಿ ಸೂಕ್ಷ್ಮದರ್ಶಕದ ಕೆಳಗಿಡುವದು ನೂರು ವರ್ಷಕ್ಕೂ ಮೀರಿದ ಪದ್ಧತಿ. ಅದಕ್ಕೆ ಊಡುವ ನೀಲಿಬಣ್ಣ ಅಮೇರಿಕೆಯ ಒಂದು ಮರದ ಕಟ್ಟಿಗೆಯಿಂದ ಬಂದುದು. ಆ ಹಳೆಯ ಕ್ರಮದಲ್ಲಿ ಆಕಾರ ಮಾತ್ರ ಕಾಣುತ್ತಿತ್ತು. 1941ರಲ್ಲಿ ಆಲ್ಬರ್ಟ್ ಕೂನ್ಸ್ ಎಂಬ ವಿದ್ವಾಂಸನೂ ಅವನ ಸಂಗಡಿಗರೂ, ಶರೀರದ ಒಂದೊಂದು ಪದಾರ್ಥವನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣವನ್ನು ಕಟ್ಟಿ ಬಿಡುವ ಉಪಾಯವನ್ನು ತೋರಿಸಿಕೊಟ್ಟರು. ಅಂದಿನಿಂದ ಆಕಾರದ ಜೊತೆಗೆ, ಯಾವ ಅಣು ಎಲ್ಲಿದೆಯೆಂಬುದೂ ಕಾಣತೊಡಗಿತು. 1997ರಲ್ಲಿ ರಿಚರ್ಡ್ ಕ್ಯಾಪ್ರಿಯೋಲಿ, ತುಣುಕಿನ ಮೈಮೇಲೆ ಚುಕ್ಕೆ ಚುಕ್ಕೆಯಾಗಿ ಲೇಸರ್ ಬೆಳಕನ್ನು ಹಾಯಿಸಿ, ಅಲ್ಲಿಂದ ಎದ್ದ ಅಣುಗಳನ್ನು ತೂಗಿ, ಆ ತೂಕಗಳಿಂದ ಚಿತ್ರ ಬರೆಯುವ ಕ್ರಮವನ್ನು ಪ್ರಕಟಿಸಿದನು. 2020ರ ಹೊತ್ತಿಗೆ, ತುಣುಕಿನ ಯಾವ ಮೂಲೆಯಲ್ಲಿ ಯಾವ ವಂಶಬೀಜದ ಆಜ್ಞೆ ನಡೆಯುತ್ತಿದೆಯೆಂಬುದನ್ನು ತೋರಿಸುವ ಕ್ರಮಗಳನ್ನು ‘ನೇಚರ್ ಮೆಥಡ್ಸ್’ ಪತ್ರಿಕೆಯು ಆ ವರ್ಷದ ಶ್ರೇಷ್ಠ ವಿಧಾನವೆಂದು ಆರಿಸಿತು.

ಇಂಥ ವಿಷಯವು ಸಾಹಿತ್ಯಪತ್ರಿಕೆಗೆ ಸಲ್ಲುವದೇ ಎಂದು ಯಾರಾದರೂ ಕೇಳಬಹುದು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರು ಕೇಳಲಾರರು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಿಸಿದನು, ಅವನದು ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸೆ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯವಾಗಿದ್ದೂ ಕಾವ್ಯವೆಂದು ಓದಿಸಿಕೊಳ್ಳುತ್ತದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಹೆಚ್ಚು ಕಾಲ ಬದುಕಲಿಲ್ಲವಾದರೂ ಶಾಸ್ತ್ರಕ್ಕೆ ಕನ್ನಡದಲ್ಲಿ ಮಾತು ಹುಡುಕುವದು ಪಂಡಿತರ ಕರ್ತವ್ಯಗಳಲ್ಲೊಂದೆಂಬುದನ್ನು ಸ್ಥಾಪಿಸಿ ಹೋಯಿತು. ಆ ಕರ್ತವ್ಯವು ಹೇಗೆ ನಡೆದಿದೆಯೆಂಬುದನ್ನು ವಿಮರ್ಶಿಸುವದು ಕಾವ್ಯವಿಮರ್ಶೆಗಿಂತ ಕೀಳಾದ ಕೆಲಸವೇನೂ ಅಲ್ಲ. ಕಾವ್ಯದಲ್ಲಿ ಶಬ್ದ ತಪ್ಪಿದರೆ ರಸಭಂಗವಾಗುವದು. ಇಲ್ಲಿ ತಪ್ಪಿದರೆ ರೋಗಿಯು ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಬರುವನು.

ಮೊದಲನೆಯದು ‘ಅಂಗಾಂಶ’. ಅಂಗದ ಅಂಶವೇ ಅಂಗಾಂಶ. ಷಷ್ಠೀತತ್ಪುರುಷ ಸಮಾಸ, ಸವರ್ಣದೀರ್ಘ ಸಂಧಿ. ವ್ಯಾಕರಣದಲ್ಲಿ ಎಳ್ಳಷ್ಟೂ ದೋಷವಿಲ್ಲ. ದೋಷವಿರುವದು ಲಕ್ಷಣದಲ್ಲಿ. ಅಂಗದ ಅಂಶವೆಂದಾಗ ಬೆರಳಿನ ತುದಿಯೂ ಅಂಗಾಂಶವಾಗುವದು, ಕಿವಿಯ ಹಾಲೆಯೂ ಅಂಗಾಂಶವಾಗುವದು, ಇದು ಅತಿವ್ಯಾಪ್ತಿ. ಶಾಸ್ತ್ರಜ್ಞರು ರಕ್ತವನ್ನೂ ಈ ವರ್ಗದಲ್ಲಿಯೇ ಎಣಿಸುತ್ತಾರೆ. ಸರ್ವಾಂಗಗಳಲ್ಲಿ ಹರಿಯುವ ರಕ್ತವು ಯಾವ ಅಂಗದ ಅಂಶ? ಇದು ಅವ್ಯಾಪ್ತಿ. ತರ್ಕಸಂಗ್ರಹವನ್ನು ಓದುತ್ತಿರುವ ಬಾಲಕನೂ ಇಂಥ ಲಕ್ಷಣವನ್ನು ಒಪ್ಪಲಾರನು.

ಮೂಲಶಬ್ದದ ಅರ್ಥವನ್ನು ನೋಡಿದ್ದರೆ ಈ ತೊಡಕು ಬರುತ್ತಿರಲಿಲ್ಲ. ಫ್ರೆಂಚ್ ವೈದ್ಯನಾದ ಬಿಷಾ ಎಂಬವನು 1801ರಲ್ಲಿ ಪ್ರಕಟಿಸಿದ ತನ್ನ ಶಾರೀರಗ್ರಂಥದಲ್ಲಿ, ಹೃದಯ, ಯಕೃತ್ತು, ಕರುಳು ಮುಂತಾದ ಅಂಗಗಳು ಬೇರೆ ಬೇರೆಯಾಗಿ ತೋರಿದರೂ ಅವೆಲ್ಲವೂ ಇಪ್ಪತ್ತೊಂದು ಬಗೆಯ ‘ನೇಯ್ಗೆ’ಗಳಿಂದಾದವುಗಳೆಂದು ಪ್ರತಿಪಾದಿಸಿದನು. ಅವನು ಸೂಕ್ಷ್ಮದರ್ಶಕವನ್ನು ನಂಬಿದವನಲ್ಲ. ಬರಿಗಣ್ಣಿನಿಂದಲೂ ಕೈಯಿಂದಲೂ ಪರೀಕ್ಷಿಸಿಯೇ ಈ ನಿರ್ಣಯಕ್ಕೆ ಬಂದನು. ಫ್ರೆಂಚಿನಲ್ಲಿ ಅವನು ಬಳಸಿದ ಶಬ್ದಕ್ಕೆ ನೇಯ್ದ ಬಟ್ಟೆಯೆಂದೇ ಅರ್ಥ. ಇಂಗ್ಲಿಷಿನ ಶಬ್ದವೂ ಅಲ್ಲಿಯದೇ. ಹಿಂದಿಯವರು ಇದನ್ನು ಗಮನಿಸಿ, ನೇಯುವದೆಂಬರ್ಥದ ಧಾತುವಿನಿಂದಾದ ‘ಊತ’ ಎಂಬ ರೂಪವನ್ನು ಹಿಡಿದು ‘ಊತಕ’ವೆಂಬ ಶಬ್ದವನ್ನು ರಚಿಸಿಕೊಂಡರು. ಕನ್ನಡದಲ್ಲಿ ಅದೇ ಶಬ್ದವನ್ನು ತಂದರೆ ಬಾವಿನ ಊತವೆಂಬ ಅರ್ಥ ಬಂದು ಅನರ್ಥವಾದೀತು. ಆದರೆ ಕನ್ನಡಕ್ಕೆ ಸಂಸ್ಕೃತದ ಸಾಲವಾದರೂ ಏತಕ್ಕೆ ಬೇಕಾಗಿತ್ತು? ನೇಕಾರವಚನಕಾರನಾದ ಜೇಡರ ದಾಸಿಮಯ್ಯನ ಊರೆಂದು ಪ್ರಸಿದ್ಧವಾದ ಮುದನೂರು ಸುರಪುರ ಸೀಮೆಯಲ್ಲಿಯೇ ಇರುವದು. ಮಗ್ಗದ ಹಾಸು ಹೊಕ್ಕುಗಳನ್ನು ತತ್ತ್ವದ ಮಾತಿಗೇ ಬಳಸಿಕೊಂಡ ಭಾಷೆಗೆ, ಶರೀರದ ನೇಯ್ಗೆಯನ್ನು ನೇಯ್ಗೆಯೆಂದು ಕರೆಯಲು ಸಂಕೋಚವಾಗಬೇಕಾಗಿರಲಿಲ್ಲ.

ಇದು ಪಂಡಿತರ ವಿನೋದವಷ್ಟೇ ಎಂದು ತಿಳಿಯಬಾರದು. ನೇಯ್ಗೆಯೆಂಬ ಒಂದು ಮಾತಿನಿಂದ ರೋಗಿಯ ಮನೆಯಲ್ಲಿ ಏಳುವ ಅನೇಕ ಸಂಶಯಗಳು ತಾವಾಗಿಯೇ ಬಗೆಹರಿಯುತ್ತವೆ. ಬಾಯಿಯ ಒಳಮೈಯನ್ನು ತೆಗೆದುಕೊಳ್ಳಬಹುದು. ಅಲ್ಲಿ ಜೀವಕೋಶಗಳು ಪದರಪದರವಾಗಿ ಜೋಡಿಸಲ್ಪಟ್ಟು, ಅಡಿಯಲ್ಲಿ ಒಂದು ತೆಳುವಾದ ಪೊರೆಯ ಮೇಲೆ ನಿಂತಿರುತ್ತವೆ. ತಂಬಾಕು, ಸುಣ್ಣ, ಗುಟಕಾಗಳು ವರ್ಷಾನುವರ್ಷ ಅದೇ ಕೆನ್ನೆಯ ಮಗ್ಗುಲಲ್ಲಿ ಕುಳಿತರೆ ಎಳೆಗಳು ಅಡ್ಡಾದಿಡ್ಡಿಯಾಗುತ್ತವೆ; ಪದರಗಳ ಕ್ರಮ ಕೆಡುವದು. ಆದರೂ ಪೊರೆಯು ಹರಿಯದಿರುವವರೆಗೆ ಕೇಡು ಅಲ್ಲಿಯೇ ನಿಂತಿರುವದು. ಕೆಟ್ಟ ಕೋಶಗಳು ಪೊರೆಯನ್ನು ದಾಟಿ ಕೆಳಗಿನ ನೇಯ್ಗೆಯೊಳಗೆ ನುಗ್ಗಿದಾಗಲೇ ಅದಕ್ಕೆ ಅರ್ಬುದವೆಂಬ ಹೆಸರು ಪೂರ್ಣವಾಗಿ ಸಲ್ಲುವದು. ಈ ದಾಟುವಿಕೆಯು ನಡೆದಿದೆಯೋ ಇಲ್ಲವೋ ಎಂಬುದರ ಮೇಲೆ ಚಿಕಿತ್ಸೆಯ ಸ್ವರೂಪವೆಲ್ಲವೂ ನಿಂತಿರುವದು.

ಸೂಜಿಯಿಂದ ಚುಚ್ಚಿ ತೆಗೆದ ಪರೀಕ್ಷೆಯಾದ ಮೇಲೆಯೂ ವೈದ್ಯರು ಮತ್ತೆ ತುಣುಕನ್ನೇ ಕೊಯ್ದು ತೆಗೆಯಬೇಕೆಂದು ಹೇಳುವದುಂಟು. ಆಗ ಮನೆಯವರಿಗೆ, ಹಣ ಸುಲಿಯುವ ಸಲುವಾಗಿ ಎರಡು ಸಾರೆ ಪರೀಕ್ಷೆ ಮಾಡುತ್ತಿದ್ದಾರೆಂಬ ಸಂಶಯ ಬರುವದು ಸಹಜವಾಗಿದೆ. ಸೂಜಿಯಲ್ಲಿ ಬರುವದು ಬಿಡಿಬಿಡಿಯಾದ ಕೋಶಗಳು, ಎಂದರೆ ಬಟ್ಟೆಯಿಂದ ಹಿರಿದ ನೂಲಿನ ಎಳೆಗಳು. ನೂಲು ಕೊಳೆತಿದೆಯೇ ಎಂಬುದನ್ನು ಎಳೆ ಹೇಳಬಲ್ಲದು. ನೇಯ್ಗೆ ಎಲ್ಲಿ ಹರಿದಿದೆಯೆಂಬುದನ್ನು ಹೇಳಲು ಬಟ್ಟೆಯ ತುಂಡೇ ಬೇಕು. ಇಷ್ಟನ್ನು ಹೇಳಲು ನಾಲ್ಕು ವಾಕ್ಯ ಸಾಕು. ‘ಅಂಗಾಂಶ’ವೆಂಬ ಶಬ್ದವನ್ನು ಹಿಡಿದುಕೊಂಡು ನಾಲ್ಕು ಪುಟ ಬರೆದರೂ ಇದನ್ನು ಹೇಳಲಾಗುವದಿಲ್ಲ. ಗಂಟಿಗೆ ಲೋಹ ತಾಕಿಸಿದರೆ ರೋಗ ಮೈಯೆಲ್ಲ ಹರಡುವದೆಂಬ ನಂಬಿಕೆಯೂ ಹಳ್ಳಿಪಟ್ಟಣಗಳೆರಡರಲ್ಲಿಯೂ ಬಲವಾಗಿದೆ. ಹಾಗಾಗುವ ಪ್ರಸಂಗ ಅತಿ ವಿರಳ. ಪರೀಕ್ಷೆಯನ್ನು ಮುಂದೂಡಿದ್ದರಿಂದಾಗುವ ಕೇಡು ಬಲು ಹೆಚ್ಚು.

ಅಂಗಾಂಶದ ಬದಲು ಆಯುರ್ವೇದದ ‘ಧಾತು’ ಶಬ್ದವನ್ನು ಬಳಸಬಹುದೆಂದು ಕೆಲವರ ಸೂಚನೆ. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರಗಳೆಂಬ ಸಪ್ತಧಾತುಗಳು ಒಂದರಿಂದೊಂದು ಪೋಷಣೆ ಪಡೆಯುವ ಕ್ರಮವುಳ್ಳವು. ಅವು ಬೇರೊಂದು ದರ್ಶನದ ಪದಾರ್ಥಗಳು. ಆ ಹೆಸರನ್ನು ಈ ವಸ್ತುವಿಗೆ ಹಚ್ಚಿದರೆ ಎರಡೂ ಶಾಸ್ತ್ರಗಳಿಗೆ ಅನ್ಯಾಯವಾದೀತು. ಸುಶ್ರುತನು ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಟ್ಟು, ಕುಂಚದಿಂದ ಮೆಲ್ಲಗೆ ಉಜ್ಜಿ ಪದರಗಳನ್ನು ನೋಡಬೇಕೆಂದು ವಿಧಿಸಿರುವನು. ಚರ್ಮಕ್ಕೆ ಏಳು ಪದರಗಳನ್ನೆಣಿಸಿ, ಹೊರಗಿನದು ಬತ್ತದ ಕಾಳಿನ ಹದಿನೆಂಟರಲ್ಲೊಂದು ಪಾಲಿನಷ್ಟು ದಪ್ಪವೆಂದು ಅಳತೆಯನ್ನೂ ಕೊಟ್ಟಿರುವನು. ನೋಡಿದುದನ್ನೂ ಓದಿದುದನ್ನೂ ಕೂಡಿಸಿದಾಗಲೇ ಜ್ಞಾನ ಬೆಳೆಯುವದೆಂದು ಹೇಳಿದ ಆ ಮಹಾನುಭಾವನಿಗೆ ಸಲ್ಲಬೇಕಾದ ಗೌರವ ಇಷ್ಟರಿಂದಲೇ ಪೂರ್ಣವಾಗುವದು. ಅವನಿಗೆ ಅಣುಬಿಂಬವೂ ಗೊತ್ತಿತ್ತೆಂದು ಭಾಷಣ ಮಾಡುವವರು ಅವನ ಕುಂಚವನ್ನು ಕಸಿದುಕೊಂಡು ಕೈಗೆ ಮಂತ್ರದಂಡವನ್ನು ಕೊಡುತ್ತಿರುವರು.

ಎರಡನೆಯದಾದ ‘ಅಣು’ವಿನ ಕಥೆ ಇನ್ನೂ ತೊಡಕಿನದು. ವೈದಿಕ ಸಂಸ್ಕೃತದಲ್ಲಿ ಅಣುವೆಂದರೆ ಒಂದು ಸಣ್ಣ ಧಾನ್ಯವೂ ಹೌದು. ವೈಶೇಷಿಕರು ಪರಮಾಣು, ಎರಡು ಪರಮಾಣುಗಳ ದ್ವ್ಯಣುಕ, ಮೂರು ದ್ವ್ಯಣುಕಗಳ ತ್ರ್ಯಣುಕವೆಂಬ ಕ್ರಮವನ್ನು ಹೇಳಿದರು. ಗವಾಕ್ಷದಿಂದ ಬೀಳುವ ಬಿಸಿಲುಕೋಲಿನಲ್ಲಿ ಆಡುವ ಧೂಳಿನ ಕಣವೇ ತ್ರ್ಯಣುಕ, ಕಣ್ಣಿಗೆ ಕಾಣುವ ವಸ್ತುಗಳಲ್ಲಿ ಅದೇ ಕಿರಿದು. ಶಾಲೆಯ ಪುಸ್ತಕಗಳನ್ನು ಬರೆದವರು ಇದೇ ದಾರಿ ಹಿಡಿದು, ಮೂಲವಸ್ತುವಿನ ಕಣಕ್ಕೆ ಪರಮಾಣುವೆಂದೂ ಪರಮಾಣುಗಳು ಕೂಡಿದ ಕಣಕ್ಕೆ ಅಣುವೆಂದೂ ನಿಯಮ ಮಾಡಿದರು. ನಿಯಮವೇನೋ ಚೆನ್ನಾಗಿತ್ತು. ಆದರೆ 1945ರಲ್ಲಿ ಹಿರೋಶಿಮಾದ ಮೇಲೆ ಬಿದ್ದುದನ್ನು ವೃತ್ತಪತ್ರಿಕೆಗಳು ‘ಅಣುಬಾಂಬು’ ಎಂದವು. ಮುಂದೆ ‘ಅಣುಶಕ್ತಿ’ ಬಂದಿತು. ಕೈಗಾದಲ್ಲಿ ‘ಅಣುವಿದ್ಯುತ್ ಸ್ಥಾವರ’ ಎದ್ದಿತು. ಶಾಲೆಯಲ್ಲಿ ಒಂದು ಅರ್ಥ, ಬೀದಿಯಲ್ಲಿ ಇನ್ನೊಂದು ಅರ್ಥ. ಜನರ ಕಿವಿಯಲ್ಲಿ ನಿಂತಿರುವದು ಬೀದಿಯ ಅರ್ಥವೇ.

ಈ ಸೀಮೆಯಲ್ಲಿ ಅದರ ಪರಿಣಾಮ ಬೇರೆ ಕಡೆಗಿಂತ ಹೆಚ್ಚು. ಶಹಾಪುರ ತಾಲೂಕಿನ ಗೋಗಿಯನ್ನು ಚರಿತ್ರೆ ಬಲ್ಲವರು ವಿಜಾಪುರದ ಮೊದಲ ಆದಿಲಶಾಹಿ ದೊರೆಗಳ ಗೋರಿಗಳ ಊರೆಂದು ಅರಿತಿರುತ್ತಾರೆ. ಪರಮಾಣು ಖನಿಜ ನಿರ್ದೇಶನಾಲಯದವರು ಅಲ್ಲಿಯ ನೆಲದಲ್ಲಿ ಯುರೇನಿಯಮ್ ಅದಿರನ್ನು ಕಂಡುಹಿಡಿದಂದಿನಿಂದ ಆ ಹೆಸರಿಗೆ ಮತ್ತೊಂದು ಅರ್ಥವು ಸೇರಿತು. ಗಣಿ ತೆಗೆಯುವ ಮಾತು ಬಂದಾಗ ಬಾವಿನೀರಿನ ಬಗೆಗೂ ರೋಗಗಳ ಬಗೆಗೂ ಸುತ್ತಣ ಹಳ್ಳಿಗಳಲ್ಲಿ ಆತಂಕ ಹುಟ್ಟಿತು. ಆ ಆತಂಕವನ್ನು ಅಜ್ಞಾನವೆಂದು ತಳ್ಳಿಬಿಡುವದು ಸರಿಯಲ್ಲ. ಹೀಗಿರುವಲ್ಲಿ ಅರ್ಬುದದ ರೋಗಿಯೊಬ್ಬಳಿಗೆ ‘ಅಣುಚಿತ್ರಣ’ ಮಾಡಿಸಬೇಕೆಂದು ಕನ್ನಡದಲ್ಲಿ ಹೇಳಿದರೆ ಅವಳ ಮನಸ್ಸಿನಲ್ಲಿ ಏಳುವ ಚಿತ್ರವೇನು? ರೋಗದ ಮೂಲವೆಂದು ತಾನು ಅಂಜಿದ ವಸ್ತುವನ್ನೇ ಮೈಯೊಳಗೆ ಸೇರಿಸುವರೆಂದಲ್ಲವೆ? ಪೆಟ್ ಸ್ಕ್ಯಾನ್ ಎಂಬ ಪರೀಕ್ಷೆಯಲ್ಲಿ ಕೊಡುವದು ಗ್ಲುಕೋಸಿನಂಥ ಸಕ್ಕರೆಗೆ ಕಟ್ಟಿದ ಫ್ಲೋರೀನ್-18. ಅದು ವಿಕಿರಣ ಸೂಸುವದೆಂಬುದು ನಿಜ, ಆದರೆ ಯುರೇನಿಯಮ್ಮಿನ ಸಂಬಂಧ ಅದಕ್ಕಿಲ್ಲ. ಸೈಕ್ಲೋಟ್ರಾನ್ ಯಂತ್ರದಲ್ಲಿ ಒಂದು ವಿಶೇಷ ಬಗೆಯ ನೀರಿನಿಂದ ಅದನ್ನು ಮಾಡುತ್ತಾರೆ. ಅದರ ಕಸುವು ಸುಮಾರು 110 ನಿಮಿಷಗಳಿಗೆ ಅರ್ಧಕ್ಕಿಳಿಯುವದು. ಹೈದರಾಬಾದಿನಲ್ಲಿ ಮಾಡಿದುದನ್ನು ಸುಮಾರು 200 ಕಿಲೋಮೀಟರು ದೂರದ ಯಾದಗಿರಿಗೆ ನಾಲ್ಕು ತಾಸಿನಲ್ಲಿ ತಂದರೂ ಕಾಲುಪಾಲಿಗಿಂತ ಕಡಿಮೆ ಉಳಿದೀತು. ಇಂಥ ಯಂತ್ರಗಳು ದೊಡ್ಡ ಪಟ್ಟಣಗಳಲ್ಲಿಯೇ ಯಾಕೆ ನೆಲೆಸಿವೆ, ರೋಗಿಯೇ ಯಾಕೆ ಪ್ರಯಾಣ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರದ ಒಂದು ಪಾಲು ಈ 110 ನಿಮಿಷಗಳಲ್ಲಿದೆ. ಉಳಿದ ಪಾಲು ಸರ್ಕಾರದ ಲೆಕ್ಕಪತ್ರಗಳಲ್ಲಿ ಇರುವದು.

ಅಣುವೆಂಬುದನ್ನು ಈಗ ಕಿತ್ತುಹಾಕುವದು ಸಾಧ್ಯವಿಲ್ಲ. ರೂಢಿಯು ಶಾಸ್ತ್ರಕ್ಕಿಂತ ಬಲವಾದುದೆಂಬುದನ್ನು ವೈಯಾಕರಣರೇ ಒಪ್ಪುತ್ತಾರೆ. ರೋಗಿಯೊಡನೆ ಮಾತಾಡುವಾಗಲಾದರೂ ಅದನ್ನು ಬಿಟ್ಟು, ಯಾವ ಅಣುವಿನ ಮಾತೋ ಅದರ ಹೆಸರನ್ನೇ, ಸಕ್ಕರೆಯಾದರೆ ಸಕ್ಕರೆಯೆಂದು, ಕೊಬ್ಬಾದರೆ ಕೊಬ್ಬೆಂದು, ಪ್ರೋಟೀನಾದರೆ ಪ್ರೋಟೀನೆಂದು ಹೇಳುವದು ಮೇಲು.

ಮೂರನೆಯದಾದ ‘ಬಿಂಬ’ವನ್ನು ಕುರಿತು ಹೇಳಬೇಕಾದುದು ಹೆಚ್ಚಿರುವದು. ‘ರೋಗವನ್ನು ಕಣ್ಣಾರೆ ಕಾಣಿಸುವ ಯಂತ್ರ’ ಎಂಬ ಧಾಟಿಯ ಮಾತು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿರುವದು. ಬಿಂಬವೆಂದಾಗ ಕನ್ನಡಿ ನೆನಪಾಗುವದು. ಎದುರಿಗೆ ಇದ್ದುದೇ ಅದರಲ್ಲಿ ಕಾಣುವದೆಂಬ ವಿಶ್ವಾಸ ಹುಟ್ಟುವದು. ನೈಯಾಯಿಕರ ಪ್ರಶ್ನೆಯನ್ನು ಇಲ್ಲಿ ಕೇಳಲೇಬೇಕು. ಇದು ಪ್ರತ್ಯಕ್ಷವೋ, ಅನುಮಾನವೋ?

ಪೆಟ್ ಚಿತ್ರದಲ್ಲಿ ಬೆಳಗುವ ಚುಕ್ಕೆಯು ಅರ್ಬುದವಲ್ಲ. ಅದು ಅಲ್ಲಿಯ ಕೋಶಗಳು ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಂಡಿವೆಯೆಂಬುದರ ಕುರುಹು, ಎಂದರೆ ಲಿಂಗ. ಲಿಂಗದಿಂದ ಸಾಧ್ಯವನ್ನು ಊಹಿಸಬೇಕಾದರೆ ವ್ಯಾಪ್ತಿಯು ನಿರ್ದೋಷವಾಗಿರಬೇಕು. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನಲು ಬರುವದಿಲ್ಲ, ಕಾಯಿಸಿದ ಕಬ್ಬಿಣದ ಗುಂಡೇ ಅದಕ್ಕೆ ಪ್ರತ್ಯುದಾಹರಣೆ. ಹಾಗೆಯೇ ಸಕ್ಕರೆಯ ಹಸಿವು ಅರ್ಬುದದಲ್ಲಿ ಮಾತ್ರವೇ ಇರುವದಲ್ಲ. ಕ್ಷಯದ ಗಂಟಿನಲ್ಲಿಯೂ ಇರುವದು, ಬಾವಿನಲ್ಲಿಯೂ ಇರುವದು. ಶಾಸ್ತ್ರದ ಭಾಷೆಯಲ್ಲಿ ಇದು ಸವ್ಯಭಿಚಾರ ಹೇತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿಯೇ ಇರುವದರಿಂದ ಈ ವ್ಯಭಿಚಾರ ಪುಸ್ತಕದ ಮಾತಾಗಿ ಉಳಿಯುವದಿಲ್ಲ. ಪಾಶ್ಚಾತ್ಯ ದೇಶದಲ್ಲಿ ಅರ್ಬುದವೆಂದು ಊಹಿಸಿದ್ದರೆ ಬಹುಮಟ್ಟಿಗೆ ಸರಿಹೋಗುತ್ತಿದ್ದ ಅದೇ ಚುಕ್ಕೆ ಇಲ್ಲಿ ಔಷಧದಿಂದ ಗುಣವಾಗುವ ಕ್ಷಯವಾಗಿರಬಹುದು. ಆದ ಕಾರಣವೇ ಬಲ್ಲ ವೈದ್ಯರು ಬೆಳಗಿದ ಚುಕ್ಕೆಯನ್ನು ನೋಡಿದ ಮೇಲೂ ತುಣುಕು ತೆಗೆಯದೆ ನಿರ್ಣಯ ಹೇಳುವದಿಲ್ಲ. ಪತ್ರಿಕೆಯ ಮಾತನ್ನು ನಂಬಿದ ಮನೆಯವರಿಗಾದರೋ ಕಣ್ಣಾರೆ ಕಂಡ ಮೇಲೆ ಇನ್ನೇನು ಪರೀಕ್ಷೆಯೆಂಬ ಅಸಮಾಧಾನ. ಇಲ್ಲವೆ ಚುಕ್ಕೆ ಕಂಡೊಡನೆಯೇ ಮರಣದ ಭೀತಿ.

ಬಣ್ಣಗಳ ವಿಷಯದಲ್ಲಿ ಭ್ರಾಂತಿ ಇನ್ನೂ ಹೆಚ್ಚು. ತೂಕದಿಂದ ಬರೆದ ಚಿತ್ರವನ್ನು ಉದಾಹರಣೆಗೆ ತೆಗೆದುಕೊಂಡರೆ, ತುಣುಕಿನ ಪ್ರತಿಯೊಂದು ಚುಕ್ಕೆಯಿಂದ ಯಂತ್ರಕ್ಕೆ ದೊರೆಯುವದು ತೂಕಗಳ ಒಂದು ಪಟ್ಟಿ. ಒಂದು ತೂಕವನ್ನು ಆರಿಸಿಕೊಂಡು, ಅದು ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ನೀಲಿಯೆಂದು ಮನುಷ್ಯನು ಗೊತ್ತುಮಾಡುವನು. ಬೇರೆ ತೂಕವನ್ನು ಆರಿಸಿದರೆ ಬೇರೆ ಚಿತ್ರ. ಒಂದೇ ತುಣುಕಿನಿಂದ ನೂರಾರು ಚಿತ್ರಗಳು ಹೊರಡುತ್ತವೆ. ಆ ಕೆಂಪು ಶರೀರದಲ್ಲಿಲ್ಲ. ಅಲಂಕಾರಶಾಸ್ತ್ರದ ಮಾತಿನಲ್ಲಿ ಇದು ಆರೋಪ, ರೂಪಕದ ವ್ಯಾಪಾರ. ಕನ್ನಡದ ವಿಜ್ಞಾನಲೇಖನಗಳಲ್ಲಿ ಹೆಚ್ಚಿನವು ಇದನ್ನು ಸ್ವಭಾವೋಕ್ತಿಯೆಂಬಂತೆ ವರ್ಣಿಸುತ್ತವೆ. ಸುರಪುರದ ಸಂಪ್ರದಾಯದ ಚಿತ್ರಗಳಲ್ಲಿ ದೇವತೆಯ ಮೈಮೇಲೆ ಚಿನ್ನದ ರೇಖು ಹೊಳೆಯುವದನ್ನು ನೋಡಿದವರು, ಅದು ಚಿತ್ರಕಾರನು ಹಚ್ಚಿದ ಚಿನ್ನವೆಂದು ತಿಳಿದೇ ನೋಡುತ್ತಾರೆ. ಭಕ್ತಿಗೆ ಅದರಿಂದ ಏನೂ ಕೊರತೆಯಾಗುವದಿಲ್ಲ. ಬಣ್ಣ ಹಚ್ಚಿದವರು ಯಾರು, ಯಾವ ಸಂಕೇತದಿಂದ ಹಚ್ಚಿದರು ಎಂಬ ಒಂದು ಸಾಲನ್ನು ಚಿತ್ರದ ಕೆಳಗೆ ಬರೆದರೆ ಶಾಸ್ತ್ರದ ಮೇಲಿನ ಶ್ರದ್ಧೆಯೂ ಕಡಿಮೆಯಾಗಲಾರದು.

ಅನುಮಾನವೆಂದೊಡನೆ ಅದು ಹಗುರಾದುದೆಂದು ತಿಳಿಯಬಾರದು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆಯಿಸಿದ ಆದಿಮಾನವರ ನೆಲೆಯು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂಬ ಎಣಿಕೆಯು, ಅಲ್ಲಿ ದೊರೆತ ದನದ ಜಾತಿಯ ಪ್ರಾಣಿಯ ಹಲ್ಲಿನ ಗಾಜಿನಂಥ ಹೊರಪದರದಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನುಗಳಿಂದ ಊಹಿಸಿದುದು. ಅದೂ ಒಂದು ಶರೀರಭಾಗದ ಪರೀಕ್ಷೆಯೇ; ಯಾರೂ ಆ ಕಾಲವನ್ನು ಕಂಡವರಿಲ್ಲ. ಆದರೂ ಅದನ್ನು ಬರೆದ ವಿದ್ವಾಂಸರು ಅನುಮಾನವೆಂದೇ ಬರೆದರು.

ಬಣ್ಣವನ್ನೇ ಊಡದೆ ನೋಡುವ ಒಂದು ದಾರಿಯುಂಟು. ಅದರ ಆರಂಭದೊಡನೆ ಕರ್ನಾಟಕಕ್ಕೂ ಸಂಬಂಧವುಂಟು. ಸರ್ ಸಿ. ವಿ. ರಾಮನ್ನರು 1928ರ ಫೆಬ್ರುವರಿ 28ರಂದು ಕಲಕತ್ತೆಯಲ್ಲಿ ಕಂಡುಕೊಂಡುದನ್ನು ಸವಿಸ್ತಾರವಾಗಿ ಲೋಕಕ್ಕೆ ಸಾರಿದ ಉಪನ್ಯಾಸವು ಅದೇ ವರ್ಷದ ಮಾರ್ಚ್ 16ರಂದು ಬೆಂಗಳೂರಿನಲ್ಲಿ ನಡೆಯಿತು. ಒಂದೇ ಬಣ್ಣದ ಬೆಳಕು ವಸ್ತುವಿನ ಮೇಲೆ ಬಿದ್ದು ಚದರಿದಾಗ ಅದರಲ್ಲಿ ಸುಮಾರು ಕೋಟಿಗೊಂದು ಪಾಲು ಬಣ್ಣ ಬದಲಿಸಿ ಹೊರಬರುವದು. ಬದಲಾದ ಪ್ರಮಾಣವು ಆ ವಸ್ತುವಿನ ಅಣುಗಳು ಹೇಗೆ ತುಯ್ದಾಡುತ್ತವೆಯೆಂಬುದನ್ನು ಅವಲಂಬಿಸಿರುವದು. ಪ್ರತಿಯೊಂದು ಅಣುವಿಗೂ ತನ್ನದೇ ಆದ ತುಯ್ತ, ತನ್ನದೇ ಆದ ಗುರುತು. ಈ ಶತಮಾನದ ಮೊದಲ ದಶಕದಲ್ಲಿ ಮಣಿಪಾಲದ ಪ್ರಯೋಗಶಾಲೆಯಲ್ಲಿ ಬಾಯಿಯ ನೇಯ್ಗೆಯ ತುಣುಕುಗಳನ್ನು ಈ ಬೆಳಕಿನಲ್ಲಿ ಪರೀಕ್ಷಿಸಿ, ಆರೋಗ್ಯವುಳ್ಳವನ್ನೂ ಬಾವು ಬಂದವನ್ನೂ ಅರ್ಬುದವಾದವನ್ನೂ ಬೇರ್ಪಡಿಸಬಹುದೆಂದು ಪ್ರಕಟಿಸಿದರು. ತಂಬಾಕಿನ ನಾಡಿಗೆ ಇದಕ್ಕಿಂತ ಹತ್ತಿರದ ವಿಷಯ ಬೇರೊಂದಿಲ್ಲ. ರಾಮನ್ನರ ಹೆಸರಿನಲ್ಲಿ ಪ್ರತಿವರ್ಷವೂ ವಿಜ್ಞಾನದಿನವನ್ನು ಆಚರಿಸುವ ಶಾಲೆಗಳಲ್ಲಿ ಆಕಾಶದ, ಸಮುದ್ರದ ನೀಲಿಯ ಮಾತು ಬರುತ್ತದೆ. ಕೆನ್ನೆಯೊಳಗಿನ ಬಿಳಿಕಲೆಯ ಮಾತು ಬರುವದು ಅಪರೂಪ.

ಇಷ್ಟೆಲ್ಲ ಬಿಂಬಗಳಿಂದ ರೋಗಿಗೆ ದೊರೆಯುವದೇನೆಂಬುದಕ್ಕೆ ಒಂದು ನಿದರ್ಶನ ಸಾಕು. ಇಬ್ಬರು ಹೆಂಗಸರಿಗೆ ಸ್ತನದ ಅರ್ಬುದವೆಂಬ ಒಂದೇ ಹೆಸರಿನ ರೋಗ. ಹಳೆಯ ಬಣ್ಣದಲ್ಲಿ ನೋಡಿದರೆ ತುಣುಕುಗಳೂ ಒಂದೇ ತೆರನಾಗಿ ಕಾಣಬಹುದು. ಪ್ರತಿಕಾಯಗಳನ್ನು ಬಿಟ್ಟು ನೋಡಿದಾಗ ಒಬ್ಬಳ ಕೋಶಗಳ ಮೈತುಂಬ ಹರ್-2 ಎಂಬ ಪ್ರೋಟೀನು ಕಂದುಬಣ್ಣದ ಅಂಚಿನಂತೆ ಕಾಣುವದು, ಇನ್ನೊಬ್ಬಳಲ್ಲಿ ಕಾಣಿಸದು. ಮೊದಲನೆಯವಳಿಗೆ 1998ರಲ್ಲಿ ಅಮೇರಿಕೆಯಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮಾಬ್ ಎಂಬ ಔಷಧದಿಂದ ಲಾಭವುಂಟು. ಎರಡನೆಯವಳಿಗೆ ಅದನ್ನು ಕೊಟ್ಟರೆ ಹಣವೂ ಹೋಗುವದು, ಕಾಲವೂ ಹೋಗುವದು. ನೆರೆಮನೆಯವಳಿಗೆ ಕೊಟ್ಟ ಚುಚ್ಚುಮದ್ದನ್ನು ತನಗೇಕೆ ಕೊಡಲಿಲ್ಲವೆಂದು ಕೊರಗುವ ರೋಗಿಗೆ ಉತ್ತರ ಆ ವರದಿಯ ಒಂದು ಸಾಲಿನಲ್ಲಿರುವದು. ಆ ಸಾಲನ್ನು ಅವಳ ಭಾಷೆಯಲ್ಲಿ ಯಾರೂ ಅವಳಿಗೆ ಓದಿ ಹೇಳಿಲ್ಲ.

ಕನ್ನಡದಲ್ಲಿ ಹೀಗೆ ಓದಿ ಹೇಳುವ ಶಕ್ತಿಯಿಲ್ಲವೆಂದಲ್ಲ. ಶಿವರಾಮ ಕಾರಂತರು ವಿಜ್ಞಾನದ ಪದವೀಧರರಲ್ಲ; ಕಾಲೇಜನ್ನೇ ನಡುವೆ ಬಿಟ್ಟವರು. ಆದರೂ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದರು. ತಾವು ತಿಳಿದುಕೊಂಡ ದಾರಿಯಲ್ಲಿಯೇ ಓದುವವನನ್ನು ನಡೆಸಿಕೊಂಡು ಹೋಗುವದು ಆ ಬರವಣಿಗೆಯ ಬಲ. ಅವಸರದಿಂದ ನಡೆದು ಕೆಲವೆಡೆ ಒರಟಾದುದು ಅದರ ಕೊರತೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರ ‘ತಾಯಿ ಮಗು’ವು ಮನೆಮನೆಗೆ ಹೋದುದಕ್ಕೆ, ಹೆಂಗಸರು ವೈದ್ಯರ ಮುಂದೆ ಕೇಳಲು ನಾಚುವ ಪ್ರಶ್ನೆಗಳಿಗೆ ಅವರು ಹೆಂಗಸರ ಮಾತಿನಲ್ಲಿ ಉತ್ತರ ಕೊಟ್ಟುದೇ ಕಾರಣ. 1991ರಲ್ಲಿ ಅರ್ಬುದದಿಂದಲೇ ಅವರು ತೀರಿಹೋದರು. ಈ ಇಬ್ಬರ ಗದ್ಯದಲ್ಲಿಯೂ ವಸ್ತುವು ಮೊದಲು ಬರುವದು, ಹೆಸರು ಆಮೇಲೆ. ಅನಂತರದ ಅನೇಕರಲ್ಲಿ ಹೆಸರು ಮೊದಲು ಬಂದು, ವಸ್ತುವು ಬಾರದೆಯೇ ಲೇಖನ ಮುಗಿಯುವದು. ಪಾರಿಭಾಷಿಕ ಶಬ್ದಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷು ವಾಕ್ಯದ ಪ್ರತಿಯೊಂದು ಪದಕ್ಕೆ ಒಂದೊಂದು ಸಂಸ್ಕೃತ ಪದವನ್ನು ಕೂಡಿಸುವ ಈ ಕ್ರಮದಿಂದ ಸಂಸ್ಕೃತಕ್ಕೂ ಕೆಟ್ಟ ಹೆಸರು, ಕನ್ನಡಕ್ಕೂ ಕೆಟ್ಟ ಹೆಸರು. ಸಂಸ್ಕೃತವನ್ನು ನಿಜವಾಗಿ ಓದಿದವರೇ ಇದನ್ನು ಮೊದಲು ಪ್ರತಿಭಟಿಸಬೇಕಾಗಿತ್ತು.

‘ಬಯಾಪ್ಸಿ’ ಎಂಬ ಶಬ್ದವೊಂದು ಉಳಿದಿದೆ. 1879ರಲ್ಲಿ ಬೆನಿಯೇ ಎಂಬ ಫ್ರೆಂಚ್ ವೈದ್ಯನು ಗ್ರೀಕಿನ ಎರಡು ಪದಗಳನ್ನು ಕೂಡಿಸಿ ಇದನ್ನು ರಚಿಸಿದನು. ಅಕ್ಷರಾರ್ಥ ಹಿಡಿದು ‘ಜೀವದರ್ಶನ’ವೆಂದರೆ ಕೇಳಿದವರು ದೇವಸ್ಥಾನಕ್ಕೆ ಹೊರಟಾರು, ‘ಅಂಗಾಂಶಪರೀಕ್ಷೆ’ಯ ದೋಷವನ್ನು ಮೇಲೆಯೇ ತೋರಿಸಲಾಗಿದೆ. ಈ ಸೀಮೆಯ ಹೆಂಗಸರು ಯಾವ ಕೋಶವನ್ನೂ ನೋಡದೆ ‘ತುಣಕ ತಗದು ನೋಡ್ಯಾರ’ ಎನ್ನುತ್ತಾರೆ. ತೆಗೆದದ್ದು ಏನು, ಎಷ್ಟು, ಏತಕ್ಕೆ ಎಂಬ ಮೂರೂ ಆ ಮಾತಿನಲ್ಲಿವೆ. ದವಾಖಾನೆಯ ವರದಿಯ ತಲೆಯ ಮೇಲೆ ‘ತುಣುಕು ಪರೀಕ್ಷೆ’ ಎಂದು ಕನ್ನಡದಲ್ಲಿ ಅಚ್ಚುಹಾಕಿಸಲು ಯಾವ ಸಮಿತಿಯ ಅನುಮತಿಯೂ ಬೇಕಾಗಲಾರದು.